ಸ್ವಂತ ಮನೆಯ ಕೊಠಡಿ ಹಾಗೂ ರಜಾ ಸದಸ್ಯತ್ವದ ದಿನಗಳನ್ನು ಪ್ರವಾಸಿಗರಿಗೆ ನೇರವಾಗಿ ಬಾಡಿಗೆಗೆ ನೀಡುವಾಗ ವಂಚನೆಗೆ ಒಳಗಾಗದಿರುವ ಬಗ್ಗೆ ಸಾರ್ವಜನಿಕ ಮಾಹಿತಿ
(ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಪ್ರದೇಶದ ನಾಗರಿಕರಿಗಾಗಿ)

1. ಪೀಠಿಕೆ

ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆಯಾಗಿರುತ್ತದೆ. ಅಂದಿನಿಂದ ಹೊಸಪೇಟೆ, ಕಮಲಾಪುರ, ಕಡ್ಡಿರಾಂಪುರ ಮುಂತಾದ ಊರುಗಳಲ್ಲಿ ಪ್ರವಾಸಿಗರಿಗೆ ಮನೆಯ ಕೊಠಡಿಗಳನ್ನು ಬಾಡಿಗೆಗೆ ನೀಡುವುದು ಅನೇಕ ಕುಟುಂಬಗಳ ಉಪಜೀವನವಾಗಿದೆ. ಸಂಡೂರಿನ ಬೆಟ್ಟಸಾಲು, ಕುಮಾರಸ್ವಾಮಿ ದೇವಸ್ಥಾನ ಹಾಗೂ ನಾರಿಹಳ್ಳ ಜಲಾಶಯವನ್ನು ನೋಡಲು ಮಳೆಗಾಲದಲ್ಲಿ ಬರುವವರಿಗೂ, ಕಂಪ್ಲಿಯ ಕೋಟೆ ಹಾಗೂ ತುಂಗಭದ್ರಾ ತೀರಕ್ಕೆ ಬರುವವರಿಗೂ ವಾಸ್ತವ್ಯದ ಅವಶ್ಯಕತೆ ಇರುತ್ತದೆ.

ಹಿಂದೆ ಪ್ರವಾಸಿಗರು ಬಸ್ ನಿಲ್ದಾಣದಲ್ಲಿ ಇಳಿದು ಮನೆ ವಿಚಾರಿಸುತ್ತಿದ್ದರು. ಈಗ ಬಹುತೇಕ ಮಾತುಕತೆ ಮೊಬೈಲಿನಲ್ಲಿಯೇ ಮುಗಿಯುತ್ತದೆ. ಇದರಿಂದ ಮಧ್ಯವರ್ತಿಗಳ ಕಮಿಷನ್ ಉಳಿಯುತ್ತದೆ. ಆದರೆ ಮುಖ ನೋಡದ ವ್ಯಕ್ತಿಯೊಡನೆ ಹಣದ ವ್ಯವಹಾರ ಮಾಡಬೇಕಾಗುವುದರಿಂದ ವಂಚನೆಗೆ ಅವಕಾಶವೂ ಉಂಟಾಗುತ್ತದೆ. ಒಂದು ತಿಂಗಳ ಬಾಡಿಗೆ ಆದಾಯವಷ್ಟೇ ಅಲ್ಲದೆ, ಮಗಳ ಮದುವೆಗೆಂದು ಖಾತೆಯಲ್ಲಿ ಇಟ್ಟ ಉಳಿತಾಯವೂ ಕೆಲವೇ ನಿಮಿಷಗಳಲ್ಲಿ ಹೋಗಬಹುದು. ಆದುದರಿಂದ ಮನೆ ಮಾಲೀಕರು ಹಾಗೂ ಟೈಮ್‌ಶೇರ್ ಎಂದು ಕರೆಯಲಾಗುವ ರಜಾ ಸದಸ್ಯತ್ವ ಹೊಂದಿರುವ ನಾಗರಿಕರು ಅನುಸರಿಸಬೇಕಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಯಾವ ಜಿಲ್ಲೆಯ ಕಚೇರಿಗೆ ಅರ್ಜಿ ಸಲ್ಲಿಸಬೇಕು

ವಿಜಯನಗರ ಜಿಲ್ಲೆಯು 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಪ್ರತ್ಯೇಕಗೊಂಡು ರಚನೆಯಾಗಿರುತ್ತದೆ. ಈ ಬಗ್ಗೆ ಅರ್ಜಿದಾರರಲ್ಲಿ ಗೊಂದಲ ಇರುವುದರಿಂದ ಈ ಕೆಳಕಂಡಂತೆ ಸ್ಪಷ್ಟಪಡಿಸಲಾಗಿದೆ.

(ಅ) ಹೊಸಪೇಟೆ ನಗರ, ಹಂಪಿ, ಕಮಲಾಪುರ, ಕಡ್ಡಿರಾಂಪುರ: ವಿಜಯನಗರ ಜಿಲ್ಲೆ. ಜಿಲ್ಲಾ ಕೇಂದ್ರ ಹೊಸಪೇಟೆ.
(ಆ) ಸಂಡೂರು ಹಾಗೂ ಕಂಪ್ಲಿ ತಾಲ್ಲೂಕುಗಳು: ಬಳ್ಳಾರಿ ಜಿಲ್ಲೆ. ಜಿಲ್ಲಾ ಕೇಂದ್ರ ಬಳ್ಳಾರಿ. ತೋರಣಗಲ್ಲು ಹಾಗೂ ದೋಣಿಮಲೈ ಸಂಡೂರು ತಾಲ್ಲೂಕಿಗೆ ಸೇರಿರುತ್ತವೆ.
(ಇ) ನದಿಯ ಆಚೆ ದಡದ ಆನೆಗೊಂದಿ, ಸಾಣಾಪುರ, ವಿರೂಪಾಪುರಗಡ್ಡೆ: ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು.

ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿ, ಪೊಲೀಸ್ ಅಧೀಕ್ಷಕರ ಕಚೇರಿ ಹಾಗೂ ತಾಲ್ಲೂಕು ಕಚೇರಿಗಳಿಗೆ ಅರ್ಜಿ ಸಲ್ಲಿಸುವಾಗ ಮೇಲ್ಕಂಡ ವ್ಯಾಪ್ತಿಯನ್ನು ಗಮನಿಸತಕ್ಕದ್ದು. ಹಣಕಾಸು ವಂಚನೆಯ ದೂರಿಗೆ ಮಾತ್ರ ಈ ವ್ಯಾಪ್ತಿಯ ನಿರ್ಬಂಧ ಇರುವುದಿಲ್ಲ (ಕಂಡಿಕೆ 9 ನೋಡಿ).

3. ಬಾಡಿಗೆಗೆ ನೀಡುವ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

3.1 ಕಟ್ಟಡದ ಸ್ಥಾನ: ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಅಧಿನಿಯಮ, 2002ರ ವ್ಯಾಪ್ತಿಗೆ ಬರುವ ಗ್ರಾಮಗಳಲ್ಲಿ ಹೊಸ ಕಟ್ಟಡ ಕಟ್ಟುವ ಮುನ್ನ ಹಾಗೂ ವಾಸದ ಮನೆಯ ಉಪಯೋಗವನ್ನು ಬದಲಾಯಿಸುವ ಮುನ್ನ ಪ್ರಾಧಿಕಾರದಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಇದಲ್ಲದೆ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗಿನ ಪ್ರದೇಶವು ನಿಷೇಧಿತ ಪ್ರದೇಶವಾಗಿದ್ದು, ಅದರಾಚೆಗಿನ 200 ಮೀಟರ್ ಪ್ರದೇಶವು ನಿಯಂತ್ರಿತ ಪ್ರದೇಶವಾಗಿರುತ್ತದೆ.

ಈ ನಿಯಮವನ್ನು ಲಘುವಾಗಿ ಪರಿಗಣಿಸಬಾರದು. ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಮನೆ ಹಾಗೂ ಅಂಗಡಿಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ವಿರೂಪಾಪುರಗಡ್ಡೆಯ ಅನಧಿಕೃತ ವಸತಿ ಕಟ್ಟಡಗಳ ತೆರವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿದು, ಮುಂದಿನ ತಿಂಗಳೇ ತೆರವು ಕಾರ್ಯ ನಡೆಯಿತು. ಅನುಮತಿಯಿಲ್ಲದ ಕಟ್ಟಡಕ್ಕೆ ಮುಂಗಡ ಪಡೆದವರು ಅತಿಥಿಗೆ ಉತ್ತರ ಹೇಳಬೇಕಾದ ಸ್ಥಿತಿ ಬರುತ್ತದೆ. ಅಲ್ಲದೆ, ಕಾಗದಪತ್ರ ಸರಿಯಿಲ್ಲದ ಮಾಲೀಕರು ವಂಚನೆಗೊಳಗಾದರೂ ದೂರು ನೀಡಲು ಹಿಂಜರಿಯುವುದನ್ನು ವಂಚಕರು ಬಲ್ಲರು.

3.2 ನೋಂದಣಿ: ಮಾಲೀಕರು ತಾವು ವಾಸವಿರುವ ಮನೆಯ ಕೆಲವು ಕೊಠಡಿಗಳನ್ನು ಪ್ರವಾಸಿಗರಿಗೆ ನೀಡುವುದು ಹೋಂಸ್ಟೇ ಎನಿಸುತ್ತದೆ. ಇದರ ನೋಂದಣಿಗೆ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಮನೆಯ ಮಾಲೀಕತ್ವದ ದಾಖಲೆ, ಖಾತಾ ಪ್ರತಿ (ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ನಮೂನೆ), ಚಾಲ್ತಿ ವರ್ಷದ ಆಸ್ತಿ ತೆರಿಗೆ ರಶೀದಿ, ಗುರುತಿನ ಚೀಟಿ, ಕೊಠಡಿಗಳ ಛಾಯಾಚಿತ್ರ ಹಾಗೂ ಸ್ಥಳೀಯ ಸಂಸ್ಥೆಯ ನಿರಾಕ್ಷೇಪಣಾ ಪತ್ರವನ್ನು ಸಿದ್ಧಪಡಿಸಿಕೊಂಡು ಹೋಗುವುದು ಒಳಿತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಡಿ 1ರಿಂದ 6 ಕೊಠಡಿಗಳಿಗೆ ಮಾತ್ರ ಅವಕಾಶವಿದ್ದು, ಮಾಲೀಕರ ಕುಟುಂಬವು ಅಲ್ಲಿಯೇ ವಾಸವಿರತಕ್ಕದ್ದು.

3.3 ಎಚ್ಚರಿಕೆ: "ನಿಮ್ಮ ನೋಂದಣಿ ಇಂದೇ ಮಾಡಿಸಿಕೊಡುತ್ತೇವೆ, ಶುಲ್ಕವನ್ನು ಈ ಮೊಬೈಲ್ ಸಂಖ್ಯೆಗೆ ಕಳುಹಿಸಿ" ಎಂದು ಇಲಾಖೆಯ ಹೆಸರಿನಲ್ಲಿ ಕರೆ ಬಂದಲ್ಲಿ ನಂಬಬಾರದು. ಸರ್ಕಾರಿ ಶುಲ್ಕವನ್ನು ಸರ್ಕಾರದ ಲೆಕ್ಕಕ್ಕೆ ಮಾತ್ರ ಪಾವತಿಸಿ ರಶೀದಿ ಪಡೆಯತಕ್ಕದ್ದು. ಯಾವುದೇ ನೌಕರರ ವೈಯಕ್ತಿಕ ಖಾತೆಗೆ ಶುಲ್ಕ ಪಾವತಿಸುವ ಪದ್ಧತಿ ಇರುವುದಿಲ್ಲ.

4. ಜಾಹೀರಾತು ನೀಡುವಾಗ

(1) ಮನೆಯ ಛಾಯಾಚಿತ್ರಗಳ ಮೇಲೆ ಮನೆಯ ಹೆಸರು ಹಾಗೂ ತಮ್ಮ ದೂರವಾಣಿ ಸಂಖ್ಯೆಯನ್ನು ಅಚ್ಚಾಗಿಸಿ ಪ್ರಕಟಿಸತಕ್ಕದ್ದು. ವಂಚಕರು ಅನ್ಯರ ಮನೆಯ ಚಿತ್ರಗಳನ್ನು ನಕಲು ಮಾಡಿ, ತಮ್ಮ ಸಂಖ್ಯೆ ಹಾಕಿ ಮುಂಗಡ ಪಡೆಯುವುದುಂಟು. ಪ್ರವಾಸಿ ವಸತಿಗಳ ಹೆಸರಿನ ನಕಲಿ ಜಾಲತಾಣಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ನೀಡಿರುತ್ತದೆ.
(2) ತಿಂಗಳಿಗೊಮ್ಮೆ ತಮ್ಮ ಮನೆಯ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿ, ಗೂಗಲ್ ನಕ್ಷೆಯಲ್ಲಿ ತೋರುವ ದೂರವಾಣಿ ಸಂಖ್ಯೆ ತಮ್ಮದೇ ಎಂಬುದನ್ನು ಪರಿಶೀಲಿಸತಕ್ಕದ್ದು. ಬೇರೆ ಸಂಖ್ಯೆ ಕಂಡುಬಂದಲ್ಲಿ ತಿದ್ದುಪಡಿಗೆ ಕೋರಿ, ತೆರೆಯ ಚಿತ್ರವನ್ನು ಉಳಿಸಿಕೊಂಡು ಪೊಲೀಸರಿಗೆ ತಿಳಿಸತಕ್ಕದ್ದು.
(3) ಆಧಾರ್, ಪಾನ್ ಕಾರ್ಡ್, ವಿದ್ಯುತ್ ಬಿಲ್ಲು ಅಥವಾ ಖಾತಾ ಪ್ರತಿಯ ಚಿತ್ರವನ್ನು ಜಾಹೀರಾತಿನಲ್ಲಿ ಹಾಕಬಾರದು.
(4) ಬಾಡಿಗೆ ದರ, ಮುಂಗಡ, ಬರುವ ಹಾಗೂ ತೆರಳುವ ಸಮಯ, ಊಟೋಪಚಾರದ ದರ ಹಾಗೂ ರದ್ದತಿಯ ಷರತ್ತುಗಳನ್ನು ಬರವಣಿಗೆಯಲ್ಲಿ ತಿಳಿಸತಕ್ಕದ್ದು.
(5) ಮನೆಯಿಂದ ಹಂಪಿಗೆ ಇರುವ ದೂರವನ್ನು ಇದ್ದಂತೆಯೇ ತಿಳಿಸತಕ್ಕದ್ದು. ಸಂಡೂರು ಅಥವಾ ಕಂಪ್ಲಿಯ ಮನೆಯನ್ನು "ಹಂಪಿಯಲ್ಲಿ" ಎಂದು ತೋರಿಸಿದಲ್ಲಿ ಅತಿಥಿಯೇ ದೂರು ನೀಡಲು ಅವಕಾಶವಾಗುತ್ತದೆ.

5. ಮುಂಗಡ ಹಾಗೂ ಬಾಡಿಗೆ ಹಣವನ್ನು ಪಡೆಯುವ ಕ್ರಮ

5.1 ಬಾಡಿಗೆ ವ್ಯವಹಾರಕ್ಕೆಂದೇ ಪ್ರತ್ಯೇಕ ಉಳಿತಾಯ ಖಾತೆಯನ್ನು ತೆರೆದು, ಮೊಬೈಲ್ ಪಾವತಿಗೆ ಅದನ್ನು ಮಾತ್ರ ಜೋಡಿಸತಕ್ಕದ್ದು. ಆ ಖಾತೆಯಲ್ಲಿ ಅಲ್ಪ ಮೊತ್ತ ಉಳಿಸಿ, ಉಳಿದುದನ್ನು ಕಾಲಕಾಲಕ್ಕೆ ಮುಖ್ಯ ಖಾತೆಗೆ ವರ್ಗಾಯಿಸತಕ್ಕದ್ದು. ಇದರಿಂದ ಅನಾಹುತವಾದರೂ ನಷ್ಟವು ಆ ಖಾತೆಯ ಮೊತ್ತಕ್ಕೆ ಸೀಮಿತವಾಗುತ್ತದೆ.

5.2 ಹಣ ಪಡೆಯಲು ಪಿನ್ ನಮೂದಿಸುವ ಅವಶ್ಯಕತೆ ಇರುವುದಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅವಶ್ಯಕತೆಯೂ ಇರುವುದಿಲ್ಲ. ಯುಪಿಐ ಪಿನ್ ಹಾಕಿದಾಗ ಹಣವು ತಮ್ಮ ಖಾತೆಯಿಂದ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ಯುಪಿಐ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಆದಾಗ್ಯೂ ವ್ಯಾಪಾರಿ ಖಾತೆಗಳ ಕೋರಿಕೆ ಹಾಗೂ ಕ್ಯೂಆರ್ ಕೋಡ್‌ಗಳು ಬಳಕೆಯಲ್ಲಿ ಇರುವುದರಿಂದ ಎಚ್ಚರಿಕೆ ಅಗತ್ಯ.

5.3 ಹಣ ಜಮೆಯಾಗಿದೆ ಎಂಬುದಕ್ಕೆ ಬ್ಯಾಂಕ್ ಖಾತೆಯ ಶಿಲ್ಕು ಮಾತ್ರ ಆಧಾರ. ಎದುರಿನವರು ಕಳುಹಿಸಿದ ಚಿತ್ರ, ಎಸ್‌ಎಂಎಸ್ ಅಥವಾ ಪಿಡಿಎಫ್ ರಶೀದಿ ಆಧಾರವಾಗುವುದಿಲ್ಲ.

5.4 ಉದಾಹರಣೆ: ದಿನಕ್ಕೆ ರೂ. 2,000ರಂತೆ 3 ರಾತ್ರಿಗೆ ಬಾಡಿಗೆ ರೂ. 6,000. ಶೇ. 25ರಂತೆ ಮುಂಗಡ ರೂ. 1,500. ಉಳಿದ ರೂ. 4,500ನ್ನು ಅತಿಥಿ ಬಂದ ದಿನ, ಬೀಗದ ಕೈ ನೀಡುವ ಮುನ್ನ ಪಡೆಯತಕ್ಕದ್ದು. ಇದೇ ಬಾಡಿಗೆಯನ್ನು ಶೇ. 15 ಕಮಿಷನ್ ಪಡೆಯುವ ಬುಕಿಂಗ್ ಸಂಸ್ಥೆಯ ಮೂಲಕ ನೀಡಿದಲ್ಲಿ ಕಮಿಷನ್ ರೂ. 900 ಹಾಗೂ ಅದರ ಮೇಲೆ ಶೇ. 18 ಜಿಎಸ್‌ಟಿ ರೂ. 162 ಕಳೆದು ರೂ. 4,938 ಕೈಸೇರುತ್ತದೆ. ವ್ಯತ್ಯಾಸ ರೂ. 1,062. ನೇರವಾಗಿ ನೀಡುವವರು ಈ ಮೊತ್ತವನ್ನು ಉಳಿಸುತ್ತಾರೆ. ಆದರೆ ಅತಿಥಿಯ ಪರಿಶೀಲನೆ ಹಾಗೂ ಹಣ ವಸೂಲಿಯ ಹೊಣೆಯನ್ನು ತಾವೇ ಹೊರಬೇಕಾಗುತ್ತದೆ. ಎರಡನ್ನೂ ತೂಗಿ ನೋಡಿ ನಿರ್ಧರಿಸತಕ್ಕದ್ದು.

5.5 ರದ್ದತಿ: ತುಂಗಭದ್ರಾ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ಕಂಪ್ಲಿ ಸೇತುವೆಯ ಮೇಲಿನ ಸಂಚಾರ ಸ್ಥಗಿತಗೊಳ್ಳುವುದುಂಟು. ಹಂಪಿಯಲ್ಲಿ ಪುರಂದರ ಮಂಟಪ ಮುಳುಗಡೆಯಾಗಿ ತೆಪ್ಪದ ಸಂಚಾರವೂ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಸಂದರ್ಭದಲ್ಲಿ ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಗಿತ್ತು. ಇಂತಹ ಸಂದರ್ಭದಲ್ಲಿ ಮುಂಗಡವನ್ನು ಹಿಂದಿರುಗಿಸಲಾಗುವುದೋ ಅಥವಾ ಬೇರೆ ದಿನಾಂಕಕ್ಕೆ ಹೊಂದಿಸಲಾಗುವುದೋ ಎಂಬುದನ್ನು ಮೊದಲೇ ಬರೆದುಕೊಡತಕ್ಕದ್ದು. ಹಣ ಬಂದ ಖಾತೆಗೇ ಹಿಂದಿರುಗಿಸುವ ನಿಯಮವನ್ನು ತಪ್ಪದೆ ಪಾಲಿಸತಕ್ಕದ್ದು.

6. ಸಾಮಾನ್ಯವಾಗಿ ನಡೆಯುವ ವಂಚನೆಯ ವಿಧಾನಗಳು

6.1 ಸೈನಿಕರ ಹೆಸರಿನ ವಂಚನೆ: ಕರೆ ಮಾಡಿದವರು ತಾವು ಸೇನೆ ಅಥವಾ ಕೇಂದ್ರ ಭದ್ರತಾ ಪಡೆಯಲ್ಲಿದ್ದು, ತೋರಣಗಲ್ಲಿಗೋ ದೋಣಿಮಲೈಗೋ ವರ್ಗವಾಗಿದೆ ಎನ್ನುತ್ತಾರೆ. ಮನೆಯನ್ನು ನೋಡದೆಯೇ ಒಪ್ಪುತ್ತಾರೆ. ದರದ ಬಗ್ಗೆ ಚೌಕಾಶಿಯನ್ನೂ ಮಾಡುವುದಿಲ್ಲ. ಗುರುತಿನ ಚೀಟಿಯ ಚಿತ್ರ ಕಳುಹಿಸುತ್ತಾರೆ. "ನಮ್ಮ ಇಲಾಖೆಯ ಖಾತೆಯಿಂದ ಹಣ ಬರಬೇಕಾದರೆ ಮೊದಲು ನೀವು 1 ರೂಪಾಯಿ ಕಳುಹಿಸಬೇಕು" ಎಂದು ಹೇಳಿ ಕ್ಯೂಆರ್ ಕೋಡ್ ಕಳುಹಿಸುತ್ತಾರೆ. ನಂಬಿಕೆ ಹುಟ್ಟಿಸಲು 1 ರೂಪಾಯಿಗೆ 2 ರೂಪಾಯಿ ಹಿಂದಿರುಗಿಸುವುದೂ ಉಂಟು. ನಂತರದ ಕೋಡ್‌ನಲ್ಲಿ ಸಾವಿರಾರು ರೂಪಾಯಿ ಹೋಗುತ್ತದೆ. ಹಣ ಕೊಡಬೇಕಾದವರು ಹಣ ಕೇಳಿದಲ್ಲಿ ಆ ಕ್ಷಣವೇ ಮಾತು ನಿಲ್ಲಿಸತಕ್ಕದ್ದು.

6.2 ಹೆಚ್ಚು ಹಣ ಬಂದಿದೆ ಎಂಬ ವಂಚನೆ: ರೂ. 2,000 ಬದಲಿಗೆ ರೂ. 20,000 ಜಮೆಯಾದಂತೆ ಎಸ್‌ಎಂಎಸ್ ಬರುತ್ತದೆ. ಕೂಡಲೇ ಕರೆ ಮಾಡಿ, ಆಸ್ಪತ್ರೆಯ ಖರ್ಚಿದೆ, ರೂ. 18,000 ತುರ್ತಾಗಿ ಹಿಂದಿರುಗಿಸಿ ಎನ್ನುತ್ತಾರೆ. ಎಸ್‌ಎಂಎಸ್ ಬ್ಯಾಂಕಿನದಾಗಿರದೆ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಬಂದಿರುತ್ತದೆ. ಕೆಲವು ಪ್ರಕರಣಗಳಲ್ಲಿ ಹಣ ನಿಜವಾಗಿಯೂ ಬಂದಿರುತ್ತದೆ. ಆದರೆ ಅದು ವಂಚನೆಗೊಳಗಾದ ಮತ್ತೊಬ್ಬರ ಹಣವಾಗಿರಬಹುದು. ಅದನ್ನು ಬೇರೆ ಖಾತೆಗೆ ಕಳುಹಿಸಿದಲ್ಲಿ ತನಿಖೆಯ ವೇಳೆ ತಮ್ಮ ಖಾತೆಯೂ ಸ್ಥಗಿತಗೊಳ್ಳುತ್ತದೆ. ಇಂತಹ ಹಣವನ್ನು ಮುಟ್ಟದೆ, ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಬಂದ ಖಾತೆಗೆ ಬ್ಯಾಂಕಿನ ಮೂಲಕವೇ ಹಿಂದಿರುಗಿಸತಕ್ಕದ್ದು.

6.3 ಕಡತ ಹಾಗೂ ಆ್ಯಪ್ ವಂಚನೆ: "ಬುಕಿಂಗ್ ವೋಚರ್", "ಅತಿಥಿಗಳ ಪಟ್ಟಿ" ಎಂಬ ಹೆಸರಿನಲ್ಲಿ ಎಪಿಕೆ ಕಡತ ಕಳುಹಿಸುತ್ತಾರೆ. ಅದನ್ನು ತೆರೆದಲ್ಲಿ ಮೊಬೈಲಿಗೆ ಬರುವ ಒಟಿಪಿ ಸಂದೇಶಗಳು ವಂಚಕರಿಗೆ ತಲುಪುತ್ತವೆ. ಎನಿಡೆಸ್ಕ್‌ನಂತಹ ಪರದೆ ಹಂಚಿಕೆ ಆ್ಯಪ್‌ಗಳನ್ನು ಅಪರಿಚಿತರ ಮಾತಿನ ಮೇಲೆ ಸ್ಥಾಪಿಸಬಾರದು.

6.4 ಖಾತೆ ಬಾಡಿಗೆಗೆ ಕೇಳುವುದು: "ನಮ್ಮ ಪ್ರವಾಸಿಗರ ಹಣ ನಿಮ್ಮ ಖಾತೆಗೆ ಬರಲಿ, ಶೇ. 5 ಇಟ್ಟುಕೊಂಡು ಉಳಿದುದನ್ನು ನಗದಾಗಿ ಕೊಡಿ" ಎಂದು ಕೇಳುವವರಿಗೆ ಒಪ್ಪಬಾರದು. ಖಾತೆದಾರರೇ ಆರೋಪಿಗಳಾಗುವ ಸಂಭವ ಇರುತ್ತದೆ.

6.5 ಹಬ್ಬದ ಕಾಲದ ಸಗಟು ಬುಕಿಂಗ್: ಹಂಪಿ ಉತ್ಸವದ ದಿನಗಳಲ್ಲಿ (2024ರಲ್ಲಿ ಫೆಬ್ರುವರಿ 2ರಿಂದ 4, 2025ರಲ್ಲಿ ಫೆಬ್ರುವರಿ 28ರಿಂದ ಮಾರ್ಚ್ 2) ಕೊಠಡಿಗಳಿಗೆ ಬೇಡಿಕೆ ಹೆಚ್ಚಿರುತ್ತದೆ. ಆಗ "ಎಲ್ಲಾ ಕೊಠಡಿಗಳನ್ನೂ ತೆಗೆದುಕೊಳ್ಳುತ್ತೇವೆ, ಯಾರಿಗೂ ಕೊಡಬೇಡಿ" ಎಂದು ಹೇಳಿ, ಮುಂಗಡ ನೀಡದೆ ಕೊಠಡಿಗಳನ್ನು ತಡೆಹಿಡಿಯುವವರು ಇರುತ್ತಾರೆ. ಮುಂಗಡವು ಖಾತೆಗೆ ಜಮೆಯಾಗದ ಬುಕಿಂಗ್ ಅನ್ನು ಬುಕಿಂಗ್ ಎಂದು ಪರಿಗಣಿಸಬಾರದು.

7. ಅತಿಥಿ ಬಂದಾಗ ಅನುಸರಿಸಬೇಕಾದ ಕ್ರಮ

(1) ಪುಟ ಸಂಖ್ಯೆ ಹಾಕಿದ ಅತಿಥಿ ವಹಿಯಲ್ಲಿ ಎಲ್ಲಾ ಅತಿಥಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಬಂದ ಹಾಗೂ ತೆರಳುವ ದಿನಾಂಕ, ವಾಹನ ಸಂಖ್ಯೆಯನ್ನು ನಮೂದಿಸಿ ಸಹಿ ಪಡೆಯತಕ್ಕದ್ದು.
(2) ಭಾವಚಿತ್ರವುಳ್ಳ ಗುರುತಿನ ಚೀಟಿಯ ಮೂಲ ಪ್ರತಿಯನ್ನು ನೋಡತಕ್ಕದ್ದು. ಆಧಾರ್ ಪ್ರತಿ ಪಡೆಯುವುದಾದರೆ ಮೊದಲ 8 ಅಂಕಿಗಳನ್ನು ಮರೆಮಾಡಿದ ಪ್ರತಿಯು ಸಾಕು.
(3) ವಿದೇಶಿ ಅತಿಥಿಗಳು ಬಂದಲ್ಲಿ ಪಾಸ್‌ಪೋರ್ಟ್ ಹಾಗೂ ವೀಸಾ ಪರಿಶೀಲಿಸಿ, 24 ಗಂಟೆಯೊಳಗೆ ಆನ್‌ಲೈನ್ ಮೂಲಕ ವಿದೇಶಿಯರ ನೋಂದಣಾಧಿಕಾರಿಗೆ ವರದಿ ಸಲ್ಲಿಸತಕ್ಕದ್ದು. ಇದು ರೂಢಿಯಲ್ಲಿ ಸಿ ನಮೂನೆ ಎಂದು ಪರಿಚಿತವಾಗಿದೆ. 1946ರ ವಿದೇಶಿಯರ ಅಧಿನಿಯಮದ ಬದಲಿಗೆ ವಲಸೆ ಮತ್ತು ವಿದೇಶಿಯರ ಅಧಿನಿಯಮ, 2025 ಜಾರಿಗೆ ಬಂದಿದ್ದು, ಒಂದೇ ಕೊಠಡಿ ನೀಡುವ ಮನೆಗೂ ವರದಿ ಮಾಡುವ ಹೊಣೆ ಇರುತ್ತದೆ.
(4) ಅತಿಥಿಗಳನ್ನು ರಾತ್ರಿ ವೇಳೆ ನಿರ್ಜನ ಕಾಲುವೆ ದಂಡೆ ಹಾಗೂ ಬೆಟ್ಟಗಳಿಗೆ ಕರೆದೊಯ್ಯಬಾರದು. 2025ರ ಮಾರ್ಚ್‌ನಲ್ಲಿ ಸಾಣಾಪುರ ಸಮೀಪ ಕಾಲುವೆ ಬಳಿ ನಡೆದ ಘೋರ ಕೃತ್ಯದಲ್ಲಿ ಪ್ರವಾಸಿಗರೊಬ್ಬರು ಪ್ರಾಣ ಕಳೆದುಕೊಂಡಿರುವುದನ್ನು ಮನೆ ಮಾಲೀಕರು ಮರೆಯಬಾರದು. ತುರ್ತು ಸಹಾಯವಾಣಿ 112 ಅನ್ನು ಪ್ರತಿ ಕೊಠಡಿಯಲ್ಲಿ ಬರೆದಿಡತಕ್ಕದ್ದು.

8. ಟೈಮ್‌ಶೇರ್ ಅಥವಾ ರಜಾ ಸದಸ್ಯತ್ವದ ದಿನಗಳನ್ನು ಬಾಡಿಗೆಗೆ ನೀಡುವುದು

8.1 ಸದಸ್ಯತ್ವದ ಸ್ವರೂಪ: ಒಂದೇ ಸಲ ದೊಡ್ಡ ಮೊತ್ತ ಪಾವತಿಸಿ, ನಿಗದಿತ ವರ್ಷಗಳವರೆಗೆ ಪ್ರತಿ ವರ್ಷ ಕೆಲವು ದಿನ ರೆಸಾರ್ಟ್‌ನಲ್ಲಿ ತಂಗುವ ಹಕ್ಕನ್ನು ಟೈಮ್‌ಶೇರ್ ಎನ್ನಲಾಗುತ್ತದೆ. ನಮ್ಮ ದೇಶದಲ್ಲಿ ಮಾರಾಟವಾಗುವ ಬಹುತೇಕ ಯೋಜನೆಗಳಲ್ಲಿ ಸದಸ್ಯರಿಗೆ ದೊರೆಯುವುದು ತಂಗುವ ಹಕ್ಕು ಮಾತ್ರ. ಕಟ್ಟಡದ ಅಥವಾ ಭೂಮಿಯ ಮಾಲೀಕತ್ವ ದೊರೆಯುವುದಿಲ್ಲ. ಆದುದರಿಂದ ಸ್ವಂತ ಮನೆಯಂತೆ ಇದನ್ನು ಇಷ್ಟಬಂದವರಿಗೆ ಬಾಡಿಗೆಗೆ ಕೊಡಲು ಬರುವುದಿಲ್ಲ. ಒಪ್ಪಂದ ಪತ್ರವು ಅನುಮತಿಸಿದಷ್ಟು ಮಾತ್ರ ಕೊಡಬಹುದು.

8.2 ಮೊದಲು ಓದಬೇಕಾದ ಷರತ್ತುಗಳು: (ಅ) ಸದಸ್ಯರಲ್ಲದವರನ್ನು ಅತಿಥಿಯಾಗಿ ಕಳುಹಿಸಲು ಅವಕಾಶವಿದೆಯೇ, (ಆ) ಹಣ ಪಡೆದು ಕಳುಹಿಸುವುದನ್ನು ನಿಷೇಧಿಸಲಾಗಿದೆಯೇ, (ಇ) ಅತಿಥಿಯ ಹೆಸರು ನೋಂದಾಯಿಸಲು ಶುಲ್ಕವಿದೆಯೇ, (ಈ) ವಾರ್ಷಿಕ ನಿರ್ವಹಣಾ ಶುಲ್ಕ ಬಾಕಿಯಿದ್ದಲ್ಲಿ ಬುಕಿಂಗ್ ದೊರೆಯುವುದೇ, (ಉ) ಸದಸ್ಯತ್ವದ ಋತು ಯಾವುದು, ಬಳಸದ ದಿನಗಳು ಮುಂದಿನ ವರ್ಷಕ್ಕೆ ಸೇರುತ್ತವೆಯೇ. ಇವುಗಳ ಬಗ್ಗೆ ಸಂಸ್ಥೆಯಿಂದ ಲಿಖಿತ ಉತ್ತರ ಪಡೆಯತಕ್ಕದ್ದು. ಹಣ ಪಡೆಯುವುದನ್ನು ಒಪ್ಪಂದವು ನಿಷೇಧಿಸಿದ್ದಲ್ಲಿ ಬಾಡಿಗೆಗೆ ನೀಡಬಾರದು. ರೆಸಾರ್ಟ್ ಬಾಗಿಲಿನಲ್ಲಿ ಅತಿಥಿಯನ್ನು ತಡೆದಲ್ಲಿ ಹಣ ಹಿಂದಿರುಗಿಸುವ ಹೊಣೆ ಸದಸ್ಯರದ್ದಾಗುತ್ತದೆ.

8.3 ಅವಕಾಶವಿದ್ದಲ್ಲಿ ಅನುಸರಿಸುವ ಕ್ರಮ: ಮೊದಲು ತಮ್ಮ ಹೆಸರಿನಲ್ಲಿ ದಿನಾಂಕ ಕಾಯ್ದಿರಿಸಿ, ನಂತರವೇ ಜಾಹೀರಾತು ನೀಡತಕ್ಕದ್ದು. ಮುಂಗಡ ಜಮೆಯಾದ ಮೇಲೆ ಅತಿಥಿಯ ಹೆಸರನ್ನು ಸಂಸ್ಥೆಯ ದಾಖಲೆಯಲ್ಲಿ ಸೇರಿಸತಕ್ಕದ್ದು. ಅತಿಥಿಯು ರೆಸಾರ್ಟ್‌ನ ಅಧಿಕೃತ ದೂರವಾಣಿಗೆ ಕರೆ ಮಾಡಿ ತನ್ನ ಹೆಸರು ಇರುವುದನ್ನು ಖಚಿತಪಡಿಸಿಕೊಂಡ ನಂತರ ಬಾಕಿ ಹಣ ಪಡೆಯತಕ್ಕದ್ದು. ಸದಸ್ಯತ್ವ ಸಂಖ್ಯೆ, ಪಾಸ್‌ವರ್ಡ್ ಹಾಗೂ ಒಟಿಪಿಯನ್ನು ಅತಿಥಿಗಾಗಲಿ ಮಧ್ಯವರ್ತಿಗಾಗಲಿ ನೀಡಬಾರದು.

8.4 ಲಾಭದ ಲೆಕ್ಕ: ವಾರ್ಷಿಕ ಶುಲ್ಕ ರೂ. 18,000 ಇದ್ದು 7 ರಾತ್ರಿಗಳ ಹಕ್ಕು ಇದ್ದಲ್ಲಿ ಒಂದು ರಾತ್ರಿಗೆ ಸುಮಾರು ರೂ. 2,571 ಖರ್ಚು ಬೀಳುತ್ತದೆ. ರಾತ್ರಿಗೆ ರೂ. 3,000ರಂತೆ ನೀಡಿದಲ್ಲಿ ರೂ. 21,000 ಬಂದು, ಉಳಿಯುವುದು ರೂ. 3,000 ಮಾತ್ರ. ಇಂತಹ ವ್ಯವಹಾರಕ್ಕೆ "ನೋಂದಣಿ ಶುಲ್ಕ ರೂ. 25,000 ಕೊಡಿ, ನಿಮ್ಮ ವಾರವನ್ನು ದೊಡ್ಡ ಕಂಪನಿಗೆ ಬಾಡಿಗೆಗೆ ಕೊಡಿಸುತ್ತೇವೆ" ಎನ್ನುವವರ ಮಾತು ಸತ್ಯವಾಗಿರಲು ಸಾಧ್ಯವೇ ಎಂಬುದನ್ನು ಸದಸ್ಯರೇ ಲೆಕ್ಕ ಹಾಕಿ ನೋಡತಕ್ಕದ್ದು.

8.5 ಮುಂಗಡ ಶುಲ್ಕದ ವಂಚನೆ: ಸದಸ್ಯತ್ವದಿಂದ ಬೇಸತ್ತವರ ಪಟ್ಟಿಯನ್ನು ಹಿಡಿದು ಕರೆ ಮಾಡುವವರು, "ಖರೀದಿದಾರರು ಸಿದ್ಧರಿದ್ದಾರೆ, ನಿರಾಕ್ಷೇಪಣಾ ಪತ್ರಕ್ಕೆ ಇಷ್ಟು, ಜಿಎಸ್‌ಟಿಗೆ ಇಷ್ಟು, ಟಿಡಿಎಸ್‌ಗೆ ಇಷ್ಟು" ಎಂದು ಕಂತುಕಂತಾಗಿ ಹಣ ಪಡೆಯುತ್ತಾರೆ. ಪ್ರತಿ ಕಂತೂ ಕೊನೆಯದು ಎನ್ನುತ್ತಾರೆ. ಈಗಾಗಲೇ ಕೊಟ್ಟ ಹಣ ಮುಳುಗಬಾರದೆಂಬ ಆತಂಕದಿಂದ ಜನರು ಮತ್ತಷ್ಟು ಕೊಡುತ್ತಾರೆ. ಇದು ವಿಶ್ವದಾದ್ಯಂತ ನಡೆದಿರುವ ಮೋಸವಾಗಿದೆ. ಮೆಕ್ಸಿಕೋ ದೇಶದ ಟೈಮ್‌ಶೇರ್‌ಗಳ ಹೆಸರಿನಲ್ಲಿ 2019ರಿಂದ 2023ರವರೆಗೆ ಅಮೆರಿಕದ ಸುಮಾರು 6,000 ಮಂದಿ ಸುಮಾರು 30 ಕೋಟಿ ಡಾಲರ್ ಕಳೆದುಕೊಂಡಿರುವ ದೂರುಗಳು ಬಂದಿರುವುದಾಗಿ ಅಲ್ಲಿನ ಎಫ್‌ಬಿಐ ತಿಳಿಸಿದೆ. ಹಣ ಕಳೆದುಕೊಂಡವರಿಗೇ ವಕೀಲರ ಅಥವಾ ಅಧಿಕಾರಿಗಳ ಸೋಗಿನಲ್ಲಿ ಮತ್ತೆ ಕರೆ ಮಾಡಿ, "ಹಣ ವಾಪಸು ಕೊಡಿಸುತ್ತೇವೆ" ಎಂದು ಎರಡನೆಯ ಬಾರಿ ವಂಚಿಸುವುದೂ ಇದರ ಭಾಗವಾಗಿದೆ.

8.6 ಹೂಡಿಕೆಯ ರೂಪದ ಯೋಜನೆಗಳು: "ತಂಗದಿದ್ದಲ್ಲಿ ಅವಧಿಯ ಕೊನೆಗೆ ಹೆಚ್ಚಿನ ಹಣ ಕೊಡುತ್ತೇವೆ" ಎಂಬ ಭರವಸೆಯುಳ್ಳ ರಜಾ ಯೋಜನೆಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಪ್ಯಾನ್‌ಕಾರ್ಡ್ ಕ್ಲಬ್ಸ್ ಸಂಸ್ಥೆಯ ಇಂತಹ ಯೋಜನೆಗಳು ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆಗಳೆಂದು ಸೆಬಿಯು 2016ರಲ್ಲಿ ತೀರ್ಮಾನಿಸಿ, ಹಣ ಹಿಂದಿರುಗಿಸಲು ಆದೇಶಿಸಿತು. ರಜೆಯನ್ನು ರಜೆಯೆಂದೇ ಕೊಳ್ಳತಕ್ಕದ್ದು. ಠೇವಣಿ ಎಂದು ಭಾವಿಸಬಾರದು.

9. ವಂಚನೆ ನಡೆದಲ್ಲಿ ಕೈಗೊಳ್ಳಬೇಕಾದ ಕ್ರಮ

ಮೊದಲ ಕೆಲವು ಗಂಟೆಗಳು ಅತ್ಯಂತ ಮುಖ್ಯವಾದವು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗಿ ನಗದಾಗುವ ಮುನ್ನ ತಡೆದಲ್ಲಿ ಮಾತ್ರ ಉಳಿಯುವ ಸಾಧ್ಯತೆ ಇರುತ್ತದೆ. ನಾಚಿಕೆಯಿಂದ ಅಥವಾ ಮನೆಯವರ ಭಯದಿಂದ ತಡಮಾಡಬಾರದು.

ಹಂತ 1: ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ, ವ್ಯವಹಾರದ ಸಂಖ್ಯೆ, ಮೊತ್ತ, ದಿನಾಂಕ, ಸಮಯ ತಿಳಿಸತಕ್ಕದ್ದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು.
ಹಂತ 2: ಬ್ಯಾಂಕಿಗೆ ತಿಳಿಸಿ ಖಾತೆ, ಕಾರ್ಡ್ ಹಾಗೂ ಯುಪಿಐ ಸೇವೆಯನ್ನು ತಡೆಹಿಡಿಸಿ, ದೂರಿನ ಸಂಖ್ಯೆ ಪಡೆಯತಕ್ಕದ್ದು.
ಹಂತ 3: ಸಂಭಾಷಣೆ, ಕರೆಗಳ ಪಟ್ಟಿ, ಕ್ಯೂಆರ್ ಕೋಡ್, ಗುರುತಿನ ಚೀಟಿಯ ಚಿತ್ರ ಯಾವುದನ್ನೂ ಅಳಿಸದೆ ಉಳಿಸಿಕೊಳ್ಳತಕ್ಕದ್ದು.
ಹಂತ 4: ಹತ್ತಿರದ ಪೊಲೀಸ್ ಠಾಣೆ ಅಥವಾ ಜಿಲ್ಲೆಯ ಸೈಬರ್ ಅಪರಾಧ ಠಾಣೆಯಲ್ಲಿ ದೂರು ನೀಡತಕ್ಕದ್ದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 173ರಂತೆ ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ರೂಪದಲ್ಲಿ ನೀಡಿದಲ್ಲಿ 3 ದಿನಗಳೊಳಗೆ ಸಹಿ ಮಾಡತಕ್ಕದ್ದು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 318 ಹಾಗೂ ಸೋಗಿನ ಆನ್‌ಲೈನ್ ವಂಚನೆಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ ಕಲಂ 66-ಡಿ ಅನ್ವಯಿಸುತ್ತವೆ.
ಹಂತ 5: ರಜಾ ಸದಸ್ಯತ್ವ ಸಂಸ್ಥೆಯ ಸೇವಾ ನ್ಯೂನತೆ ಇದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು; ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ದೂರುದಾರರು ತಾವು ವಾಸಿಸುವ ಸ್ಥಳದ ಆಯೋಗದಲ್ಲಿಯೇ ದೂರು ನೀಡಬಹುದು. ಸಂಸ್ಥೆಯ ಕಚೇರಿ ಮುಂಬಯಿ ಅಥವಾ ಚೆನ್ನೈನಲ್ಲಿದ್ದರೂ ಅಲ್ಲಿಗೆ ಹೋಗಬೇಕಾಗಿಲ್ಲ. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿಲ್ಲ. ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು.

ಹಣ ಹೋಗದಿದ್ದರೂ ಸಂಶಯಾಸ್ಪದ ಕರೆ ಬಂದಲ್ಲಿ ಸಂಚಾರ ಸಾಥಿ ಪೋರ್ಟಲ್‌ನ ಚಕ್ಷು ಸೌಲಭ್ಯದಲ್ಲಿ ವರದಿ ಮಾಡಬಹುದು.

10. ಲೆಕ್ಕಪತ್ರ ಹಾಗೂ ತೆರಿಗೆ

ದಿನಾಂಕ, ಅತಿಥಿಯ ಹೆಸರು, ಮುಂಗಡ, ಬಾಕಿ, ಪಾವತಿ ವಿಧಾನ, ವ್ಯವಹಾರ ಸಂಖ್ಯೆ ಹಾಗೂ ಹಿಂದಿರುಗಿಸಿದ ಮೊತ್ತ ಎಂಬ ಕಾಲಂಗಳುಳ್ಳ ವಹಿಯನ್ನು ಇಟ್ಟು, ವಾರಕ್ಕೊಮ್ಮೆ ಬ್ಯಾಂಕ್ ಪಾಸ್‌ಬುಕ್‌ನೊಂದಿಗೆ ತಾಳೆ ನೋಡತಕ್ಕದ್ದು. ಬಾಡಿಗೆ ಆದಾಯವನ್ನು ಆದಾಯ ತೆರಿಗೆ ವಿವರಣೆಯಲ್ಲಿ ತೋರಿಸತಕ್ಕದ್ದು. ಸೇವೆಗಳಿಂದ ವಾರ್ಷಿಕ ಒಟ್ಟು ವಹಿವಾಟು ರೂ. 20 ಲಕ್ಷ ಮೀರಿದಲ್ಲಿ ಜಿಎಸ್‌ಟಿ ನೋಂದಣಿ ಅಗತ್ಯ. ದಿನಕ್ಕೆ ರೂ. 7,500ವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಶೇ. 5 ಆಗಿರುತ್ತದೆ. ನೋಂದಣಿಯಿಲ್ಲದ ಮಾಲೀಕರು ಆನ್‌ಲೈನ್ ಬುಕಿಂಗ್ ಸಂಸ್ಥೆಯ ಮೂಲಕ ನೀಡುವ ಕೊಠಡಿಗೆ ಆ ಸಂಸ್ಥೆಯೇ ತೆರಿಗೆ ಪಾವತಿಸುತ್ತದೆ. ಆದುದರಿಂದ "ಜಿಎಸ್‌ಟಿ ಕಟ್ಟಿದರೆ ಮಾತ್ರ ನಿಮ್ಮ ಬಾಡಿಗೆ ಬಿಡುಗಡೆ" ಎಂದು ಅಪರಿಚಿತರು ಕೇಳಿದಲ್ಲಿ ಅದು ವಂಚನೆ ಎಂದು ತಿಳಿಯತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅತಿಥಿಯು ಗುರುತಿನ ಚೀಟಿಯ ಚಿತ್ರವನ್ನು ಮೊದಲೇ ಕಳುಹಿಸಿದ್ದಾರೆ. ನಂಬಬಹುದೇ?
ಉತ್ತರ: ಚಿತ್ರ ಮಾತ್ರದಿಂದ ನಂಬಬಾರದು. ಅದು ಮತ್ತೊಬ್ಬರಿಂದ ಕದ್ದ ಚೀಟಿಯಾಗಿರಬಹುದು. ಖಾತೆಗೆ ಬಂದ ಹಣದ ಜೊತೆಗಿನ ಹೆಸರು ಹಾಗೂ ಚೀಟಿಯ ಹೆಸರು ತಾಳೆಯಾಗುತ್ತದೆಯೇ ಎಂದು ನೋಡತಕ್ಕದ್ದು.

ಪ್ರಶ್ನೆ: ನಕಲಿ ಜಾಹೀರಾತು ನಂಬಿ ಹಣ ಕಳೆದುಕೊಂಡ ಪ್ರವಾಸಿಗರು ನಮ್ಮ ಮನೆ ಬಾಗಿಲಿಗೆ ಬಂದಿದ್ದಾರೆ. ಏನು ಮಾಡಬೇಕು?
ಉತ್ತರ: ಅವರೂ ವಂಚಿತರೇ. ತಮ್ಮ ಬಾಡಿಗೆ ವಹಿ ಹಾಗೂ ಖಾತೆಯಲ್ಲಿ ಆ ಹಣ ಇಲ್ಲದಿರುವುದನ್ನು ತೋರಿಸಿ, 1930ಕ್ಕೆ ಕರೆ ಮಾಡಲು ನೆರವಾಗತಕ್ಕದ್ದು. ತಮ್ಮ ಮನೆಯ ಹೆಸರು ದುರುಪಯೋಗವಾದ ಬಗ್ಗೆ ಪ್ರತ್ಯೇಕ ದೂರು ನೀಡತಕ್ಕದ್ದು.

ಪ್ರಶ್ನೆ: ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮೊಬೈಲ್ ವ್ಯವಹಾರ ನಮಗೆ ತಿಳಿಯದು. ಏನು ಮಾಡಬೇಕು?
ಉತ್ತರ: ಮುಂಗಡವನ್ನು ಬ್ಯಾಂಕ್ ಖಾತೆಗೆ ಮಾತ್ರ ಪಡೆದು, ಶಾಖೆಯಲ್ಲಿ ಪಾಸ್‌ಬುಕ್ ನಮೂದಿಸಿದ ನಂತರ ಬುಕಿಂಗ್ ಖಚಿತಪಡಿಸತಕ್ಕದ್ದು. ಒಂದು ದಿನ ತಡವಾದರೂ ನಿಜವಾದ ಅತಿಥಿ ಕಾಯುತ್ತಾರೆ. ತುರ್ತು ಮಾಡುವವರನ್ನು ಬಿಟ್ಟುಬಿಡುವುದೇ ಕ್ಷೇಮ.

12. ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ, ನಿಯಮ ಹಾಗೂ ಆದೇಶಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ. ಈ ಪುಟದ ಮುದ್ರಿತ ಪ್ರತಿಯನ್ನು ಮನೆಯ ದೂರವಾಣಿಯ ಬಳಿ ಇಟ್ಟುಕೊಂಡು, ಮನೆಯ ಹಿರಿಯರಿಗೂ ಓದಿ ಹೇಳಬೇಕೆಂದು ನಾಗರಿಕರಲ್ಲಿ ಕೋರಲಾಗಿದೆ.